ಪೀಜೋ ಬಿಲ್ಲೆಗೆ ಬೇಕು ಒಂದು ಸೋರುದಾರಿ

ಬಿಡಿಭಾಗದ ಅಂಗಡಿಯಲ್ಲಿ ಪೀಜೋ ಎಂದು ಕೇಳಿದರೆ ತೆಳ್ಳನೆಯ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಸಾಮಾನ್ಯವಾಗಿ ಸಿಗುವುದು 27 ಮಿಲಿಮೀಟರಿನದು, ಹತ್ತು ರೂಪಾಯಿ ನಾಣ್ಯದಷ್ಟೇ ಅಗಲ. ಹಿತ್ತಾಳೆಯ ಮೇಲೆ ಸೀಸ, ಜಿರ್ಕೋನಿಯಂ, ಟೈಟಾನಿಯಂ ಬೆರೆತ ಪಿಂಗಾಣಿ ಪದರ. ಅದರ ಮೇಲೆ ಬೆಳ್ಳಿಯ ಲೇಪ. ಬಿಲ್ಲೆ ಕೂದಲೆಳೆಯಷ್ಟು ಬಾಗಿದರೂ ಪಿಂಗಾಣಿಯಲ್ಲಿ ವಿದ್ಯುದಾವೇಶ ಹುಟ್ಟುತ್ತದೆ. ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಸ್ಫಟಿಕಗಳಲ್ಲಿ ಕಂಡ ಗುಣವಿದು. ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಹಾರಿಸುವುದೂ ಇದರಿಂದಲೇ.

ಬಿಲ್ಲೆಯ ಎರಡು ತಂತಿಗಳನ್ನು ಹಾಗೆಯೇ ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಅನಲಾಗ್ ಪಿನ್ನಿಗೂ ಗ್ರೌಂಡಿಗೂ ಸಿಕ್ಕಿಸಿ ನೋಡಿ. ತಟ್ಟಿದಾಗ ಏರಿದ ಅಂಕಿ ಬೇಗ ಇಳಿಯದು; ಯಾರೂ ಮುಟ್ಟದಿದ್ದಾಗಲೂ ಓಲಾಡುತ್ತಿರುತ್ತದೆ. ಸೆನ್ಸರ್ ಕೆಟ್ಟಿಲ್ಲ. ಈ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡಿನ ಕೆಪಾಸಿಟರ್ ಕೂಡ ಹೌದು. ಅದರಲ್ಲಿ ಸೇರಿದ ಆವೇಶಕ್ಕೆ ಹೊರಹೋಗುವ ದಾರಿಯಿಲ್ಲ, ಅಷ್ಟೆ. ಎರಡು ತಂತಿಗಳ ನಡುವೆ 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಸೋರಿಹೋಗುತ್ತದೆ. ಮುಂದಿನ ಏಟಿಗೆ ಬಿಲ್ಲೆ ಸಿದ್ಧ. ಇದರ ಬದಲು 10 ಕಿಲೋಓಮ್ ಹಾಕಿದಿರೋ, ಪ್ರೋಗ್ರಾಂ ಓದುವ ಮೊದಲೇ ಎಲ್ಲ ಖಾಲಿ. ಬಿಲ್ಲೆಯನ್ನು ಬಾಗಿಲಿಗೆ ಅಂಟಿಸಿದ್ದರೆ ಮೆಲ್ಲನೆಯ ಬಡಿತ ದಕ್ಕುವುದಿಲ್ಲ. ನನ್ನ ಮಟ್ಟಿಗೆ ಇಡೀ ಸರ್ಕ್ಯೂಟಿನ ಜೀವ ಈ ಒಂದು ರೆಸಿಸ್ಟರಿನಲ್ಲಿದೆ. ಬಿಲ್ಲೆಯ ಮೇಲೆ ಕಲ್ಲಿಟ್ಟು ತೂಕ ನೋಡಲಾಗದಿರುವುದೂ ಇದೇ ಸೋರಿಕೆಯಿಂದ. ಕಲ್ಲು ಅಲ್ಲೇ ಇರುತ್ತದೆ, ಆವೇಶ ಇರುವುದಿಲ್ಲ.

ಜೋರಾಗಿ ಬಡಿದರೆ ಹತ್ತಾರು ವೋಲ್ಟ್ ಚಿಮ್ಮಬಹುದು, ಆರ್ಡುಯಿನೋ ಊನೋ ತಡೆಯುವುದು 5 ವೋಲ್ಟ್ ಮಾತ್ರ. ಹಾಗಾಗಿ ಪಿನ್ನಿನ ಹಾದಿಯಲ್ಲಿ ಇನ್ನೊಂದು ರೆಸಿಸ್ಟರ್, ಪಿನ್ನಿಗೂ ಗ್ರೌಂಡಿಗೂ ನಡುವೆ 5.1 ವೋಲ್ಟಿನ ಜೀನರ್ ಡಯೋಡ್ ಇರಲಿ.

ಬೆಸುಗೆ ಹಾಕುವಾಗ ಅವಸರವೇ ಒಳ್ಳೆಯದು. ಸೋಲ್ಡರಿಂಗ್ ಕಡ್ಡಿಯನ್ನು ಬೆಳ್ಳಿಯ ಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಲೇಪವೇ ಕಿತ್ತು ಬರುತ್ತದೆ. ತಂತಿಯ ತುದಿಗೆ ಮೊದಲೇ ಸೋಲ್ಡರ್ ಹಿಡಿಸಿಕೊಂಡು, ಬಿಲ್ಲೆಯ ಅಂಚಿನ ಕಡೆ ಒಂದೆರಡು ಸೆಕೆಂಡ್ ಮುಟ್ಟಿಸಿ ತೆಗೆಯಬೇಕು.

ಡ್ರಮ್ ಪ್ಯಾಡ್ ಮಾಡುವವರಿಗೆ ಇನ್ನೊಂದು ತೊಡಕುಂಟು. ಏಟು ಒಂದೇ ಆದರೂ ಬಿಲ್ಲೆ ಹಲವು ಸಲ ಕಂಪಿಸುವುದರಿಂದ ಪ್ರೋಗ್ರಾಂ ಅದನ್ನು ಮೂರು ನಾಲ್ಕು ಏಟೆಂದು ಎಣಿಸುತ್ತದೆ. ಅಂಕಿ ನೀವು ಗೊತ್ತುಮಾಡಿದ ಮಿತಿ ದಾಟಿದ ಕೂಡಲೇ ಕೆಲವು ಮಿಲಿಸೆಕೆಂಡ್ ಓದುತ್ತಾ ಹೋಗಿ, ಅದರಲ್ಲಿ ಗರಿಷ್ಠ ಅಂಕಿಯನ್ನೇ ಏಟಿನ ಬಿರುಸೆಂದು ಹಿಡಿಯಿರಿ. ಆಮೇಲೆ 30 ಮಿಲಿಸೆಕೆಂಡಿನಷ್ಟು ಕಾಲ ಏನು ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇದಕ್ಕಿಂತ ಬಹಳ ಹೆಚ್ಚಿಸಿದರೆ ಚುರುಕಾಗಿ ನುಡಿಸುವವರ ಏಟುಗಳು ತಪ್ಪಿಹೋಗುತ್ತವೆ.