‘ಇನ್ನು ಹೋಗಬೇಡ’ ಎಂಬ ಹೆಸರು

ನೈಜೀರಿಯದ ನೈಋತ್ಯ ಭಾಗದ ಯೊರುಬಾ ಜನ ಹೆಣ್ಣುಕೂಸಿಗೆ ಇಡುವ ಹೆಸರುಗಳಲ್ಲಿ ಮಾಲೊಮೊ ಒಂದು. ಕಿವಿಗೇನೋ ಇಂಪು. ಅರ್ಥ ಮಾತ್ರ ಕರುಳು ಹಿಂಡುವಂಥದು: ‘ಇನ್ನು ಹೋಗಬೇಡ’.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸತ್ತರೆ, ಒಂದೇ ಕೂಸು ಮತ್ತೆ ಮತ್ತೆ ಬಂದು ಹೋಗುತ್ತಿದೆ ಎಂಬುದು ಯೊರುಬಾಗಳ ಹಳೆಯ ನಂಬಿಕೆ. ಅಂಥ ಕೂಸು ‘ಅಬಿಕು’, ಅಂದರೆ ಸಾಯಲೆಂದೇ ಹುಟ್ಟಿದ್ದು. ಅದನ್ನು ಉಳಿಸಿಕೊಳ್ಳಲು ಹೆಸರಿನಲ್ಲೇ ಅಂಗಲಾಚುತ್ತಾರೆ. ಬಾಂಜೊಕೊ ಎಂದರೆ ‘ನನ್ನ ಜೊತೆ ಕೂತಿರು’. ದುರೊಸಿನ್ಮಿ ಎಂದರೆ ‘ನನ್ನನ್ನು ಮಣ್ಣು ಮಾಡಲಾದರೂ ಉಳಿ’. ಕೊಸೊಕೊ ಎಂದರೆ ‘ಗುದ್ದಲಿಯಿಲ್ಲ’. ಗುಂಡಿ ತೋಡುವುದಾದರೂ ಹೇಗೆ? 1845ರಿಂದ 1851ರವರೆಗೆ ಲಾಗೋಸನ್ನು ಆಳಿದ ದೊರೆಯ ಹೆಸರೂ ಇದೇ.

ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಕರೆದ ನಮ್ಮವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸವುಂಟು. ನಮ್ಮ ತಾಯಂದಿರು ಬೇಡವಾದ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸಲು ನೋಡಿದರು. ಮಾಲೊಮೊ ಎನ್ನುವ ತಾಯಿ ಸಾವಿನ ಗೊಡವೆಗೇ ಹೋಗುವುದಿಲ್ಲ, ನೇರವಾಗಿ ಮಗಳನ್ನೇ ಬೇಡುತ್ತಾಳೆ. ಅದೂ ದಿನಕ್ಕೆ ಹತ್ತು ಸಲ, ಊಟಕ್ಕೆ ಕರೆಯುವಾಗಲೂ.

ಇಂಥ ಎಷ್ಟೋ ಸಾವುಗಳ ಹಿಂದೆ ವಂಶಪಾರಂಪರ್ಯವಾಗಿ ಬರುವ ಸಿಕಲ್ ಸೆಲ್ ರಕ್ತರೋಗ ಇದ್ದೀತೆಂದು ವೈದ್ಯರು ಹೇಳುತ್ತಾರೆ. ಎಳೆಯ ಮಕ್ಕಳ ಸಾವು ಕಡಿಮೆಯಾದಂತೆ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಹರಡಿದಂತೆ ಅಬಿಕು ಹೆಸರುಗಳು ಹಿಂದೆ ಸರಿದವು. ಬಾಂಜೊಕೊ, ಕೊಸೊಕೊ, ದುರೊಸಿನ್ಮಿ ಈಗ ಮನೆತನದ ಹೆಸರುಗಳಾಗಿ ಉಳಿದಿವೆ. ಹುಟ್ಟಿದ ಮಗಳಿಗೆ ಮಾಲೊಮೊ ಎಂದು ಹೆಸರಿಡುವವರು ಮಾತ್ರ ವಿರಳ.