ಸ್ಕ್ರೀನ್ ರೀಡರ್ ತಪ್ಪಿದಾಗ ದೂರು ಹೇಳುವುದು ಹೇಗೆ? ಅಂಧ ಪ್ರೋಗ್ರಾಮರುಗಳು ಪಾಲಿಸುವ ಕ್ರಮ

ಮಳೆಗಾಲದ ರಾತ್ರಿ ಕರೆಂಟ್ ಹೋದರೆ ನಾವು ವಿದ್ಯುತ್ ಕಚೇರಿಗೆ ಫೋನ್ ಮಾಡುತ್ತೇವೆ. "ಕರೆಂಟ್ ಇಲ್ಲ" ಎಂದಷ್ಟೇ ಹೇಳಿದರೆ ಆ ಕಡೆಯಿಂದ ಪ್ರಶ್ನೆಗಳು ಬರುತ್ತವೆ. ನಿಮ್ಮ ಮನೆಗೆ ಮಾತ್ರವೋ, ನೆರೆಮನೆಗೂ ಇಲ್ಲವೋ? ಫ್ಯೂಸ್ ನೋಡಿದ್ದೀರಾ? ಯಾವಾಗಿನಿಂದ ಇಲ್ಲ? ಕೇಳುವಾಗ ಸಿಟ್ಟು ಬರುತ್ತದೆ, ಆದರೆ ಉತ್ತರ ಕೊಡಲೇಬೇಕು. ಲೈನ್‌ಮನ್ ಕಂಬ ಹತ್ತಬೇಕೋ, ನಮ್ಮ ಮನೆಯ ಮೀಟರ್ ಬಳಿ ಬರಬೇಕೋ ಎಂಬುದು ಆ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವ ಅಂಧ ಪ್ರೋಗ್ರಾಮರುಗಳು ಇದೇ ರೀತಿಯ ಪ್ರಶ್ನೆಗಳನ್ನು ಒಂದು ಶಿಸ್ತಾಗಿ ರೂಢಿಸಿಕೊಂಡಿದ್ದಾರೆ. ಅವರು ಬಳಸುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಲ್ಲಿ ದೋಷ ಕಂಡುಬಂದರೆ ಅದನ್ನು ಹೇಗೆ ತಿಳಿಸಬೇಕು, ಹೇಗೆ ತಿಳಿಸಬಾರದು ಎಂಬ ಮರ್ಯಾದೆಯ ಕ್ರಮ ಅದು. ನಮ್ಮಂಥ ಸಾಮಾನ್ಯರೂ ತಿಳಿದುಕೊಳ್ಳಬೇಕಾದ ಸಂಗತಿಗಳು ಅದರಲ್ಲಿವೆ.

ಪರದೆಯನ್ನು ಓದಿ ಹೇಳುವ ತಂತ್ರಾಂಶ

ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರ, ಬಟನ್, ಮೆನುಗಳನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಇದನ್ನು ಬಳಸುವವರು ಮೌಸ್ ಮುಟ್ಟುವುದಿಲ್ಲ, ಎಲ್ಲವನ್ನೂ ಕೀಬೋರ್ಡ್‌ನಲ್ಲೇ ಮಾಡುತ್ತಾರೆ. ಮೋಟಾರ್‌ಸೈಕಲ್ ರೇಸ್‌ನಲ್ಲಿ ಓಡುತ್ತಿದ್ದ ಅಮೆರಿಕದ ಟೆಡ್ ಹೆಂಟರ್ 1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡು, ಆಮೇಲೆ ಕಂಪ್ಯೂಟರ್ ಕಲಿತರು. ಅವರ ಕಂಪೆನಿಯ ಜಾಸ್ ಎಂಬ ಸ್ಕ್ರೀನ್ ರೀಡರ್ 1989ರಲ್ಲಿ ಹೊರಬಂತು. ನಮ್ಮ ಪುಣೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ 1995ರಲ್ಲಿ ಈಮ್ಯಾಕ್‌ಸ್ಪೀಕ್ ಎಂಬುದನ್ನು ಹೊರತಂದರು. ಇವು ಕಾಣದವರೇ ಕಾಣದವರಿಗಾಗಿ ಕಟ್ಟಿದ ತಂತ್ರಾಂಶಗಳು.

ಜಾಸ್‌ಗೆ ಹಣ ಕೊಡಬೇಕು, ಅದು ಎಲ್ಲರ ಕೈಗೆಟುಕುವ ಬೆಲೆಯಲ್ಲ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬರೆಯತೊಡಗಿದರು. ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಪರಿಚಯವಾಗಿದ್ದ ಜೇಮ್ಸ್ ಟೆ ಅವರ ಜೊತೆ ಸೇರಿದರು. ಇಂದು ಎನ್‌ವಿಡಿಎ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಇದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಬಹುಪಾಲು ಪೈಥಾನ್ ಭಾಷೆಯಲ್ಲಿರುವ ಈ ಕೋಡನ್ನು ಅಂಧ ಪ್ರೋಗ್ರಾಮರುಗಳೇ ತೆರೆದು ಓದಿ ಸರಿಪಡಿಸಲೂಬಹುದು. ಅಂದರೆ ಇಲ್ಲಿ ದೂರು ಕೊಡುವವನೂ ರಿಪೇರಿ ಮಾಡುವವನೂ ಒಂದೇ ಬಳಗದವರು. ಈ ಮರ್ಯಾದೆಯ ಕ್ರಮ ಹುಟ್ಟಿದ್ದು ಅಲ್ಲಿಂದ.

ದೋಷ ಎಂದರೆ ಎಷ್ಟು ದೊಡ್ಡದು?

ಪೈಥಾನ್‌ನಲ್ಲಿ ಸಾಲಿನ ಎಡಬದಿಯಲ್ಲಿ ಬಿಡುವ ಖಾಲಿ ಜಾಗಕ್ಕೆ ಅರ್ಥವಿದೆ. ಹತ್ತು ಜನರ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಂ ಇದೆ ಎಂದುಕೊಳ್ಳಿ. "ಒಟ್ಟು ಮೊತ್ತ ತೋರಿಸು" ಎಂಬ ಸಾಲು ಎಡ ಅಂಚಿನಲ್ಲಿದ್ದರೆ ಕೊನೆಯಲ್ಲಿ ಒಮ್ಮೆ ಮೊತ್ತ ಬರುತ್ತದೆ. ಅದೇ ಸಾಲು ನಾಲ್ಕು ಸ್ಪೇಸ್ ಒಳಗೆ ಸರಿದರೆ ಪ್ರತಿ ಹೆಸರಿಗೂ ಒಮ್ಮೆ, ಹತ್ತು ಸಲ ಬರುತ್ತದೆ. ಕಣ್ಣಿರುವವರಿಗೆ ಇದು ನೋಡಿದಾಕ್ಷಣ ತಿಳಿಯುತ್ತದೆ. ಕಾಣದವರಿಗೆ ಸ್ಕ್ರೀನ್ ರೀಡರ್ "ನಾಲ್ಕು ಸ್ಪೇಸ್" ಎಂದು ಹೇಳಬೇಕು, ಇಲ್ಲವೇ ಒಳಗೆ ಹೋದಷ್ಟೂ ಏರುವ ಬೀಪ್ ಸ್ವರದಲ್ಲಿ ತಿಳಿಸಬೇಕು. ಎನ್‌ವಿಡಿಎಯಲ್ಲಿ ಇವೆರಡೂ ಇವೆ.

ಒಂದು ಹೊಸ ಆವೃತ್ತಿ ಬಂದ ಮೇಲೆ ಈ ಸೂಚನೆ ನಿಂತುಹೋಯಿತೆನ್ನಿ. ಉಳಿದವರಿಗೆ ಇದು ಚಿಕ್ಕ ದೋಷ, ಆದರೆ ಅಂಧ ಪ್ರೋಗ್ರಾಮರಿಗೆ ಅಂದಿನ ಕೆಲಸವೇ ನಿಂತಂತೆ. ಉದ್ಯೋಗವೋ ಪರೀಕ್ಷೆಯೋ ಅಪಾಯಕ್ಕೆ ಬೀಳಬಹುದು. ಆ ಹೊತ್ತಿನಲ್ಲಿ ಸಿಟ್ಟು ಬರುವುದು ಸಹಜ. ಸಿಟ್ಟಿನಲ್ಲಿ ಬರೆದ ದೂರು ಹೀಗಿರುತ್ತದೆ: "ಹೊಸ ಆವೃತ್ತಿಯಲ್ಲಿ ಎಲ್ಲ ಹಾಳಾಗಿದೆ. ಯಾರೂ ಪರೀಕ್ಷೆ ಮಾಡುವುದಿಲ್ಲವೇ? ಕೂಡಲೇ ಸರಿಪಡಿಸಿ." ಇದನ್ನು ಓದಿದ ತಂತ್ರಜ್ಞ ಮಾಡಬಹುದಾದದ್ದು ಏನೂ ಇಲ್ಲ. ಯಾವುದು ಹಾಳಾಗಿದೆ ಎಂಬುದೇ ಅದರಲ್ಲಿಲ್ಲ.

ಸರಿಯಾದ ದೂರು ಹೀಗಿರುತ್ತದೆ (ಇದು ವಿವರಿಸಲು ನಾನು ಮಾಡಿಕೊಂಡ ಉದಾಹರಣೆ):

"ಖಾಲಿ ಸಾಲಿನ ನಂತರ ಬರುವ ಸಾಲಿನ ಇಂಡೆಂಟ್ ಹೇಳುವುದಿಲ್ಲ.
ಮಾಡಿದ್ದು: 1. ನೋಟ್‌ಪ್ಯಾಡ್ ತೆರೆದೆ. 2. ಕೆಳಗೆ ಕೊಟ್ಟ ಐದು ಸಾಲು ಅಂಟಿಸಿದೆ. 3. ಮೊದಲ ಸಾಲಿಗೆ ಹೋಗಿ ಕೆಳಬಾಣದ ಕೀ ನಾಲ್ಕು ಸಲ ಒತ್ತಿದೆ.
ಆಗಬೇಕಾದ್ದು: ಐದನೆಯ ಸಾಲಿನಲ್ಲಿ 'ನಾಲ್ಕು ಸ್ಪೇಸ್' ಎನ್ನಬೇಕು.
ಆದದ್ದು: ಸಾಲನ್ನು ಮಾತ್ರ ಓದಿತು.
ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು. ಆಡ್-ಆನ್‌ಗಳನ್ನು ನಿಲ್ಲಿಸಿ ನೋಡಿದರೂ ಹಾಗೆಯೇ."

ಇದರ ಜೊತೆ ವಿಂಡೋಸ್ ಮತ್ತು ಎನ್‌ವಿಡಿಎ ಆವೃತ್ತಿಯ ಸಂಖ್ಯೆ ಇರಬೇಕು. ಇಷ್ಟಿದ್ದರೆ ಆಸ್ಟ್ರೇಲಿಯಾದಲ್ಲಿ ಕುಳಿತವರು ತಮ್ಮ ಕಂಪ್ಯೂಟರ್‌ನಲ್ಲಿ ಅದೇ ದೋಷವನ್ನು ಐದು ನಿಮಿಷದಲ್ಲಿ ಕಾಣಬಲ್ಲರು. ಎನ್‌ವಿಡಿಎ ದೂರಿನ ನಮೂನೆಯಲ್ಲೇ ಈ ಪ್ರಶ್ನೆಗಳಿವೆ. ಆಡ್-ಆನ್ ಅಂದರೆ ಬೇರೆಯವರು ಬರೆದು ಸೇರಿಸಿದ ಹೆಚ್ಚುವರಿ ಸೌಲಭ್ಯ. ತಪ್ಪು ಅದರದ್ದೇ ಆಗಿದ್ದರೆ ಎನ್‌ವಿಡಿಎಯವರನ್ನು ದೂರಿ ಫಲವಿಲ್ಲ. ಆದ್ದರಿಂದ ಮೊದಲು ಅವನ್ನು ನಿಲ್ಲಿಸಿ ನೋಡಿ ಎನ್ನುತ್ತಾರೆ. ಮನೆಯ ಫ್ಯೂಸ್ ನೋಡಿದ್ದೀರಾ ಎಂದು ಕೇಳಿದ ಹಾಗೆಯೇ ಇದು.

ಕೇಳಿ ಓದುವವರಿಗಾಗಿ ಬರೆಯುವುದು

ಕಣ್ಣಿರುವವರು ಪತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಬೇಕಾದ ಜಾಗಕ್ಕೆ ಹೋಗುತ್ತಾರೆ. ಕಿವಿಯಿಂದ ಓದುವವರಿಗೆ ಸಾಲುಗಳು ಒಂದಾದ ಮೇಲೊಂದು ಬರುತ್ತವೆ. ಆದ್ದರಿಂದ ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಇರಬೇಕು. ಒಂದು ದೂರಿನಲ್ಲಿ ಒಂದೇ ದೋಷ ಇರಬೇಕು. ಹಿಂದಿನವರು ಬರೆದದ್ದನ್ನೆಲ್ಲ ಮತ್ತೆ ಕೆಳಗೆ ಅಂಟಿಸಬಾರದು. ಚಂದಕ್ಕೆಂದು ನಕ್ಷತ್ರ ಚಿಹ್ನೆಗಳ ಸಾಲು ಹಾಕುವುದು, ಎಮೋಜಿಗಳನ್ನು ಸುರಿಯುವುದು ಬೇಡ. ಸ್ಕ್ರೀನ್ ರೀಡರ್ ಪ್ರತಿ ಎಮೋಜಿಯ ಹೆಸರನ್ನೂ ಹೇಳುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಪರದೆಯ ಫೋಟೋ ಕಳಿಸುವುದು. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್‌ಗೆ ನೇರವಾಗಿ ಸಿಗುವುದಿಲ್ಲ. ಆದ್ದರಿಂದ ದೋಷದ ಸಂದೇಶವನ್ನೂ ಕೋಡನ್ನೂ ಅಕ್ಷರವಾಗಿಯೇ ಅಂಟಿಸಬೇಕು. ಚಿತ್ರ ಬೇಕೇಬೇಕೆಂದರೆ ಅದರಲ್ಲಿ ಏನಿದೆ ಎಂದು ಎರಡು ಸಾಲು ಬರೆಯಬೇಕು.

ದೂರು ಕೊಡುವ ಮೊದಲು ಅದೇ ದೂರು ಈಗಾಗಲೇ ಇದೆಯೇ ಎಂದು ಹುಡುಕುವುದೂ ಕ್ರಮದ ಭಾಗ. ಇದ್ದರೆ "ನನಗೂ ಹೀಗೆಯೇ" ಎಂದು ಬರೆಯುವುದರಿಂದ ಉಪಯೋಗವಿಲ್ಲ. ನಲವತ್ತು ಜನ ಹಾಗೆ ಬರೆದರೆ ಸರಿಪಡಿಸುವವರು ನಲವತ್ತನ್ನೂ ಕೇಳಿಸಿಕೊಳ್ಳಬೇಕು. ಹೊಸ ಮಾಹಿತಿ ಇದ್ದರೆ ಮಾತ್ರ ಸೇರಿಸಬೇಕು.

ಗುಟ್ಟು ಕಾಯುವ ಮರ್ಯಾದೆ

ಎನ್‌ವಿಡಿಎ ತಾನು ಮಾಡಿದ್ದನ್ನು ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ದೋಷ ಹುಡುಕಲು ಅದು ಬೇಕು. ಆದರೆ ಲಾಗ್ ಮಟ್ಟವನ್ನು ಹೆಚ್ಚಿಸಿದಾಗ ಒತ್ತಿದ ಕೀಗಳೂ ಓದಿದ ಮಾತುಗಳೂ ಅದರಲ್ಲಿ ದಾಖಲಾಗುತ್ತವೆ. ನಡುವೆ ಪಾಸ್‌ವರ್ಡ್ ಒತ್ತಿದ್ದರೆ, ಬ್ಯಾಂಕಿನ ಪತ್ರ ತೆರೆದಿದ್ದರೆ ಅದೂ ಹೋದೀತು. ತಿಳಿದವರು ಎಲ್ಲವನ್ನೂ ಮುಚ್ಚಿ, ದೋಷ ಬರುವಷ್ಟು ಕೆಲಸ ಮಾತ್ರ ಮಾಡಿ, ಕಡತವನ್ನು ಒಮ್ಮೆ ಓದಿ ಕಳಿಸುತ್ತಾರೆ. ಕಂಪೆನಿಯ ಕೋಡನ್ನು ಎಂದೂ ಅಂಟಿಸುವುದಿಲ್ಲ. ಅದೇ ದೋಷ ತೋರಿಸುವ ಐದು ಸಾಲನ್ನು ಹೊಸದಾಗಿ ಬರೆಯುತ್ತಾರೆ.

ಕೆಲವು ದೋಷಗಳನ್ನು ಬಹಿರಂಗವಾಗಿ ಹೇಳಲೇಬಾರದು. ಕಂಪ್ಯೂಟರ್ ಲಾಕ್ ಆಗಿರುವಾಗಲೂ ಅದರ ಹಿಂದಿನ ಮಾಹಿತಿಯನ್ನು ಓದಲು ಸ್ಕ್ರೀನ್ ರೀಡರ್ ದಾರಿ ಕೊಟ್ಟರೆ ಅದು ಮನೆಯ ಬೀಗದ ದೋಷವಿದ್ದಂತೆ. ಎನ್‌ವಿಡಿಎ 2021.3.2 ಆವೃತ್ತಿ ಇಂಥ ಸುರಕ್ಷತಾ ದೋಷಗಳನ್ನು ಸರಿಪಡಿಸಲೆಂದೇ ಬಂದದ್ದು. ಇಂಥವನ್ನು ಖಾಸಗಿಯಾಗಿ ತಿಳಿಸಿ ಎಂದು ಅವರು ಆಗಲೇ ಕೇಳಿಕೊಂಡಿದ್ದರು. ಬೀಗ ಸರಿಯಾಗುವ ಮೊದಲೇ ಊರಿಗೆಲ್ಲ ಹೇಳಿದರೆ ಲಾಭ ಕಳ್ಳನಿಗೆ.

ತಪ್ಪು ಯಾರದ್ದು? ಎರಡು ಭಾಷೆಯವರ ತೊಂದರೆ

ಗಡಿನಾಡಿನ ನಮಗೆ ಹತ್ತಿರದ ವಿಷಯ ಇಲ್ಲಿದೆ. ಕಾಸರಗೋಡಿನ ಅಕ್ಷಯ ಕೇಂದ್ರಕ್ಕೆ ಹೋದರೆ ಒಂದೇ ಕಾಗದದಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರನ್ನೂ ಕಾಣುತ್ತೇವೆ. ಕಂಪ್ಯೂಟರ್‌ನಲ್ಲಿ ಇಂಥ ಪುಟ ಬಂದಾಗ ಕನ್ನಡದ ಭಾಗದಲ್ಲಿ ಸ್ಕ್ರೀನ್ ರೀಡರ್ ಮೌನವಾದರೆ ತಪ್ಪು ಯಾರದ್ದು?

ಸ್ಕ್ರೀನ್ ರೀಡರ್ ಬೇರೆ, ಮಾತಾಡುವ ಧ್ವನಿ ಬೇರೆ. ಆರಿಸಿಕೊಂಡ ಧ್ವನಿಗೆ ಕನ್ನಡ ಬಾರದಿದ್ದರೆ ಅದು ಅಕ್ಷರಗಳನ್ನು ಹಾರಿಸಿಬಿಡಬಹುದು. ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡವೂ ಮಲಯಾಳವೂ ಬರುತ್ತವೆ. ಪುಟ ಮಾಡಿದವರು "ಇದು ಕನ್ನಡ, ಇದು ಮಲಯಾಳ" ಎಂದು ಒಳಗೆ ಗುರುತು ಹಾಕಿದ್ದರೆ ಎನ್‌ವಿಡಿಎ ಆಯಾ ಭಾಷೆಗೆ ಧ್ವನಿ ಬದಲಿಸಬಲ್ಲದು. ಗುರುತು ಹಾಕದಿದ್ದರೆ ತಪ್ಪು ಪುಟದ್ದು. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಕೇಳಿದವರಿಗೆ ಏನೂ ಅರ್ಥವಾಗದು. ಅಲ್ಲಿ ಕಡತವನ್ನು ಯುನಿಕೋಡ್‌ಗೆ ಬದಲಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಬರೀ ಚಿತ್ರವೇ. ಇವೆಲ್ಲವನ್ನೂ ನೋಡಿ, ದೂರನ್ನು ತಲುಪಬೇಕಾದವರಿಗೇ ತಲುಪಿಸುವುದು ಈ ಕ್ರಮದ ಬಹು ಮುಖ್ಯ ಪಾಠ.

ಮರ್ಯಾದೆ ಎರಡೂ ಕಡೆಗೆ

ಮರ್ಯಾದೆ ದೂರು ಕೊಡುವವನಿಗೆ ಮಾತ್ರ ಎಂದು ಯಾರೂ ಭಾವಿಸಬಾರದು. "ನನ್ನಲ್ಲಿ ಸರಿ ಇದೆ" ಎಂದು ಹೇಳಿ ದೂರು ಮುಚ್ಚುವುದು, ಕಾಣದವರ ಬಳಿ ಪರದೆಯ ಫೋಟೋ ಕೇಳುವುದು, "ಮೌಸ್‌ನಿಂದ ಒತ್ತಿ ನೋಡಿ" ಎನ್ನುವುದು, ಬೇರೆ ಸ್ಕ್ರೀನ್ ರೀಡರ್ ಕೊಂಡುಕೊಳ್ಳಿ ಎಂಬ ಸಲಹೆ ಕೊಡುವುದು ಇವೆಲ್ಲ ಅಗೌರವ. ಹೊಸಬರಿಗೆ ಲಾಗ್ ತೆಗೆಯಲು ಬಾರದಿದ್ದರೆ ಯಾವ ಕೀ ಒತ್ತಬೇಕೆಂದು ಹೇಳಿಕೊಡುವುದು ಹಳಬರ ಕರ್ತವ್ಯ. ದೂರು ಕೊಟ್ಟವನಿಗೂ ಕೊನೆಯ ಕೆಲಸ ಒಂದಿದೆ. ಸರಿಪಡಿಸಿದ ಪರೀಕ್ಷಾ ಆವೃತ್ತಿ ಬಂದಾಗ ಬಳಸಿ ನೋಡಿ "ಸರಿಯಾಯಿತು" ಅಥವಾ "ಇನ್ನೂ ಇದೆ" ಎಂದು ತಿಳಿಸಬೇಕು. ತಪ್ಪು ತನ್ನದೇ ಎಂದು ಗೊತ್ತಾದರೆ ಅದನ್ನೂ ಹೇಳಬೇಕು, ಮುಂದೆ ಅದೇ ತೊಂದರೆಗೆ ಸಿಕ್ಕವರಿಗೆ ದಾರಿಯಾಗುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ವಿಶೇಷ ಹೊಣೆಯೂ ಇದೆ. ಧ್ವನಿ ಒತ್ತಕ್ಷರವನ್ನು ನುಂಗಿದರೆ, ಅರ್ಕಾವೊತ್ತನ್ನು ತಪ್ಪು ಜಾಗದಲ್ಲಿ ಉಚ್ಚರಿಸಿದರೆ ಹೊರದೇಶದ ತಂತ್ರಜ್ಞನಿಗೆ ತಾನಾಗಿ ಅದು ತಿಳಿಯುವುದಿಲ್ಲ. ಕೇಳುವ ಕನ್ನಡಿಗ ಹೇಳಿದರೆ ಮಾತ್ರ ತಿಳಿಯುತ್ತದೆ. "ಕನ್ನಡ ಸರಿ ಇಲ್ಲ" ಎಂದರೆ ಸಾಲದು. ಪದ ಯಾವುದು, ಹೇಗೆ ಕೇಳಬೇಕು, ಹೇಗೆ ಕೇಳುತ್ತಿದೆ ಎಂದು ಕನ್ನಡ ಬಾರದವನಿಗೂ ತಿಳಿಯುವಂತೆ ಬರೆಯಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾಣದ ಮಗುವೊಂದು ಕಂಪ್ಯೂಟರ್ ಕಲಿಯುತ್ತಿದ್ದರೆ, ಆ ಮಗು ಕೇಳಿದ್ದನ್ನು ಗುರುತು ಮಾಡಿಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡಿ. ನಿಮಗೆ ಅರ್ಧ ಗಂಟೆಯ ಕೆಲಸವಾದೀತು. ಆದರೆ ಅದು ಸರಿಯಾದ ದಿನ ಕನ್ನಡ ಕೇಳಿ ಓದುವ ಎಲ್ಲರಿಗೂ ಸರಿಯಾಗುತ್ತದೆ.