ಹೆಸರು ಮಾರ್ಪಟ್ಟಾಗ ಹಳೆಯ ಪತ್ರಗಳ ಗತಿ

ಪ್ರಶ್ನೆ: ಬಿಜಾಪುರ ಗ್ರಾಮೀಣ ಬ್ಯಾಂಕಿನ ಕಾಲದ ಸಾಲಪತ್ರಗಳನ್ನು ಈಗಿನ ಹೆಸರಿನಲ್ಲಿ ಪುನಃ ಬರೆಸಬೇಕೆ? (ಓದುಗರೊಬ್ಬರು, ದೇವರ ಹಿಪ್ಪರಗಿ)

ಉತ್ತರ: ಬರೆಸಬೇಕಾದುದಿಲ್ಲ. 2005ರಲ್ಲಿ ಬಿಜಾಪುರ, ಮಲಪ್ರಭಾ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾದಾಗಲೂ, 2025ರ ಮೇ 1ರಂದು ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಏಕೀಭವಿಸಿದಾಗಲೂ, ಪೂರ್ವಸಂಸ್ಥೆಯ ಸಮಸ್ತ ಆಸ್ತಿ, ಋಣ, ಕರಾರುಗಳು 1976ರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಅಧಿನಿಯಮದಂತೆ ಉತ್ತರಾಧಿಕಾರಿ ಸಂಸ್ಥೆಗೆ ಸಂಕ್ರಮಿಸಿದುದರಿಂದ, ಹಿಂದಿನ ಮೊಹರುಳ್ಳ ಪತ್ರವು ತನ್ನ ಬಲವನ್ನು ಕಳೆದುಕೊಂಡಿಲ್ಲ.

ಬದಲಾಗತಕ್ಕುದು ಬೇರೆ. ನಮೂನೆ, ಮೊಹರು, ಕಾರ್ಯವಿಧಾನದ ಕೈಪಿಡಿ ಮೊದಲಾಗಿ ನಾಳೆಯೂ ಬಳಕೆಯಲ್ಲಿರುವ ದಸ್ತಾವೇಜು, ಪರಿಷ್ಕರಣದ ಸಂಖ್ಯೆ, ದಿನಾಂಕ, ಕಾರಣಗಳೊಡನೆ ಹೊಸ ಹೆಸರನ್ನು ತಾಳಬೇಕು. ನಡೆದುಹೋದ ಕಾರ್ಯಕ್ಕೆ ಸಾಕ್ಷಿಯಾದ ದಾಖಲೆಯನ್ನಾದರೋ ಮುಟ್ಟಲೇಕೂಡದು, ಅದನ್ನು ತಿದ್ದುವುದು ಕೂಟಸಾಕ್ಷ್ಯವೇ ಸರಿ. ಗುಣಮಟ್ಟದ ಐಎಸ್‌ಒ 9001 ಮಾನಕವೂ ಇಂಥ ದಾಖಲೆಗಳನ್ನು ಅನಪೇಕ್ಷಿತ ಮಾರ್ಪಾಡಿನಿಂದ ರಕ್ಷಿಸಬೇಕೆಂದೇ ವಿಧಿಸುತ್ತದೆ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾದ ಬಳಿಕವೂ ಅದಕ್ಕೆ ಹಿಂದಿನ ಕ್ರಯಪತ್ರಗಳು ಹಳೆಯ ಹೆಸರಿನಿಂದಲೇ ಊರ್ಜಿತವಾಗಿವೆ.

ಚೆಕ್ಕುಪುಸ್ತಕ, ಐಎಫ್‌ಎಸ್‌ಸಿ ಸಂಕೇತಗಳು ಬದಲಾಗಿವೆಯೇ ಎಂಬುದನ್ನು ಮಾತ್ರ ಶಾಖೆಯಲ್ಲಿ ವಿಚಾರಿಸಿಕೊಳ್ಳಿರಿ. ಹಳೆಯ ಸಾಲಪತ್ರವನ್ನು ಇದ್ದಂತೆಯೇ ಜೋಪಾನವಾಗಿಡಿರಿ.